ಲೆಕ್ಕ ಬರೆದವರು ಮತ್ತು ಲೆಕ್ಕಕ್ಕೆ ಸಿಗದವರು

ಸರ್ಕಾರದ್ದೇ ಎರಡು ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ನೋಡೋಣ. ಮೊದಲನೆಯದು 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿ. ಆಯುಸ್ಸು, ಅಕ್ಷರ, ಆದಾಯ ಈ ಮೂರನ್ನು ಕೂಡಿಸಿ, 2001ರ ಅಂಕಿಗಳ ಮೇಲೆ ಜಿಲ್ಲೆ ಜಿಲ್ಲೆಗೂ ಅಂಕ ಕೊಟ್ಟ ಈ ವರದಿಯಲ್ಲಿ ನಮ್ಮ ಉಡುಪಿ ಜಿಲ್ಲೆ 0.714 ಪಡೆದು ಮೂರನೆಯದಾಗಿ ನಿಂತಿತು. ಮುಂದೆ ಇದ್ದದ್ದು ಬೆಂಗಳೂರು ನಗರ ಮತ್ತು ದಕ್ಷಿಣ ಕನ್ನಡ ಮಾತ್ರ. ಕೊನೆಯ ಸ್ಥಾನ ರಾಯಚೂರಿಗೆ. ಎರಡನೆಯ ಕಾಗದ ಜನಗಣತಿಯದು. 2001ರಲ್ಲಿ ಕರ್ನಾಟಕದ ಕೊರಗರು 16,071. 2011ರಲ್ಲಿ 14,794. ಆ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದರ ಮೇಲೆ ಏರಿತು. ಕೊರಗರು ನೂರಕ್ಕೆ ಎಂಟರಷ್ಟು ಇಳಿದರು. ಇವರಲ್ಲಿ ಬಹುಪಾಲು ಜನ ಬದುಕುವುದು ಅಂಕಪಟ್ಟಿಯಲ್ಲಿ ಎರಡನೆಯ, ಮೂರನೆಯ ಸ್ಥಾನ ಪಡೆದ ಆ ಎರಡು ಜಿಲ್ಲೆಗಳಲ್ಲೇ.

ಎರಡೂ ಲೆಕ್ಕ ಸುಳ್ಳಲ್ಲ. ಎರಡನ್ನೂ ಬರೆದದ್ದು ಸರ್ಕಾರವೇ. ಹಾಗಾದರೆ ಇವೆರಡರ ನಡುವೆ ಇಷ್ಟು ದೊಡ್ಡ ಕಂದಕ ಬಿದ್ದದ್ದು ಹೇಗೆ? ಜನರ ಸುಖದುಃಖವನ್ನು ಅಳೆದು ಆ ಅಳತೆಯಿಂದ ನೀತಿ ಮಾಡುತ್ತೇವೆ ಎಂದು ಹೇಳುವ ಕಾಲ ಇದು. ನಮ್ಮ ನಾಡಿನಲ್ಲಿ ಈ ಅಳತೆಗೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಅದನ್ನು ನಮ್ಮ ಕಡೆಯಿಂದ ಓದುವುದು ಅಗತ್ಯವಾಗಿದೆ.

ನಾವು ಕೋಡಿಯ ಕಡೆಯವರು. ಕುಂದಾಪುರದ ಮಗ್ಗುಲಲ್ಲಿ ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡ ಹೊಯ್ಗೆಯ ನೆಲ ಇದು. ತುದಿಯಲ್ಲಿ ನಿಂತರೆ ಪಂಚಗಂಗಾವಳಿಯ ಅಳಿವೆ, ಆಚೆ ದಡದಲ್ಲಿ ಗಂಗೊಳ್ಳಿ. ಕೋಡಿ ಎಂದರೆ ತುದಿ. ಕೆರೆ ತುಂಬಿದಾಗ ನೀರು ಹೊರಹೋಗುವ ಬಾಯಿಗೂ ಕೋಡಿ ಎಂದೇ ಹೆಸರು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಈ ಉಡುಪಿಯಲ್ಲೇ. ಜಿಲ್ಲೆಯ ಸಮೃದ್ಧಿ ತುಂಬಿ ಕೋಡಿ ಹರಿಯಿತು ಎಂದು ವರದಿಗಳು ಹೇಳುತ್ತವೆ. ಹರಿದ ನೀರು ಯಾರ ಗದ್ದೆಗೆ ಹೋಯಿತು ಎಂದು ಕೇಳುವುದಷ್ಟೇ ನಮ್ಮ ಕೆಲಸ.

ಮೊದಲು ನಮ್ಮನ್ನು ಅಳೆದವರು ಬ್ರಿಟಿಷರು. ಅವರು ಅಳೆದದ್ದು ಮೈಯನ್ನು. ಎಡ್ಗರ್ ಥರ್ಸ್ಟನ್ ಎಂಬ ಅಧಿಕಾರಿ, ರಂಗಾಚಾರಿಯವರ ನೆರವಿನಿಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಏಳು ಸಂಪುಟ ಹೊರತಂದ. ಅದರಲ್ಲಿ ಕೊರಗರೂ ಇದ್ದಾರೆ. ಜಾತಿ ಜಾತಿಯ ಜನರನ್ನು ನಿಲ್ಲಿಸಿ ತಲೆ ಎಷ್ಟು ಅಗಲ, ಮೂಗು ಎಷ್ಟು ಉದ್ದ ಎಂದು ಅಳೆದು ಬರೆದ ಕಾಲ ಅದು. ಮೂಗಿನ ಅಳತೆ ಸಿಕ್ಕಿತು, ಹಸಿವಿನ ಅಳತೆ ಸಿಗಲಿಲ್ಲ. ಆಳುವವನಿಗೆ ಬೇಕಾಗಿದ್ದದ್ದು ಯಾರು ಯಾರ ಕೆಳಗೆ ಎಂಬ ಪಟ್ಟಿ ಮಾತ್ರ.

ಅಳತೆಯ ದಿಕ್ಕು ಬದಲಾದದ್ದು ಅಳೆಸಿಕೊಂಡವರು ಬಾಯಿ ಬಿಟ್ಟಾಗ. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಸರ್ಕಾರಿ ಕೆಲಸವೆಲ್ಲ ಒಂದೇ ಜಾತಿಯ ಕೈಯಲ್ಲಿದೆ ಎಂದು ಮಹಾರಾಜರ ಮುಂದೆ ಅಹವಾಲು ಇಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದಿತು. ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದು ಇದೇ ವಿವಾದದ ಹೊತ್ತಿನಲ್ಲಿ. ಕಚೇರಿಯ ಕುರ್ಚಿಗಳಲ್ಲಿ ಯಾರು ಕೂತಿದ್ದಾರೆ ಎಂದು ಎಣಿಸಿದ್ದಷ್ಟಕ್ಕೇ ಸಿಂಹಾಸನದ ಕೋಣೆ ಅಲ್ಲಾಡಿತು.

ಇನ್ನೊಂದು ಎಣಿಕೆ ಮುಂಬಯಿ ಪ್ರಾಂತ್ಯದಲ್ಲಿ ನಡೆಯಿತು. 1928ರಲ್ಲಿ ಅಲ್ಲಿನ ಸರ್ಕಾರ ಸ್ಟಾರ್ಟ್ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ದಲಿತರ, ಆದಿವಾಸಿಗಳ ಸ್ಥಿತಿಗತಿ ನೋಡಲು ಸಮಿತಿ ಮಾಡಿತು. ಬಾಬಾಸಾಹೇಬ ಅಂಬೇಡ್ಕರರು ಅದರ ಸದಸ್ಯರು. 1930ರಲ್ಲಿ ವರದಿ ಬಂತು. ಶಾಲೆ, ವಿದ್ಯಾರ್ಥಿವೇತನ, ಹಾಸ್ಟೆಲುಗಳ ಶಿಫಾರಸಿನ ಜೊತೆಗೆ ಅದು ಒಂದು ಕಹಿ ಸತ್ಯವನ್ನೂ ಬರೆದಿಟ್ಟಿತು. ದಲಿತರು ಕಾನೂನು ಕೊಟ್ಟ ಹಕ್ಕನ್ನು ಕೇಳಿದ ಕೂಡಲೇ ಊರಿನ ಬಲಾಢ್ಯರು ಕೂಲಿ ನಿಲ್ಲಿಸುತ್ತಾರೆ, ಗೇಣಿ ಕಿತ್ತುಕೊಳ್ಳುತ್ತಾರೆ, ಅಂಗಡಿಯವನು ಸಾಮಾನು ಕೊಡುವುದಿಲ್ಲ, ದಾರಿ ಮುಚ್ಚುತ್ತಾರೆ. ಬಹಿಷ್ಕಾರ ಎಂಬ ಆಯುಧದ ಬಗ್ಗೆ ಸರ್ಕಾರಿ ಕಾಗದದಲ್ಲಿ ಇಷ್ಟು ಬಿಚ್ಚಿ ಬರೆದದ್ದು ಆ ಕಾಲಕ್ಕೆ ಅಪರೂಪ. ಬರೆಯುವ ಮೇಜಿನ ಸುತ್ತ ಅಂಬೇಡ್ಕರರು ಕೂತಿದ್ದರು ಎಂಬುದನ್ನು ನಾವು ಮರೆಯುವಂತಿಲ್ಲ. ಮರುವರ್ಷವೇ, 1931ರಲ್ಲಿ, ಮುಂಬಯಿಯಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಬಂತು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳು ಆ ಪ್ರಾಂತ್ಯದಲ್ಲಿದ್ದವು. ನಾವು ಮದರಾಸಿನ ಪಾಲಿಗೆ ಬಿದ್ದವರು. ಬೈಂದೂರು ದಾಟಿ ಭಟ್ಕಳದ ಗಡಿ ಹೊಕ್ಕರೆ ಒಂದು ಲೆಕ್ಕ, ಈಚೆ ಬಂದರೆ ಇನ್ನೊಂದು ಲೆಕ್ಕ. ಹಸಿವು ಮಾತ್ರ ಎರಡೂ ಕಡೆ ಒಂದೇ.

ರಾಜ್ಯ ಒಂದಾದ ಮೇಲೆ ಅಂಕಿಗಳ ಜಗಳ ನ್ಯಾಯಾಲಯದವರೆಗೂ ಹೋಯಿತು. ನಾಗನಗೌಡ ಸಮಿತಿ 1961ರ ವರದಿಯಲ್ಲಿ ಒಂದು ಅಳತೆಗೋಲು ಮಾಡಿತು. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಒಂದೊಂದು ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿತು. ರಾಜ್ಯದ ಸರಾಸರಿ 6.9 ಬಂತು. ಅದಕ್ಕಿಂತ ಕೆಳಗಿದ್ದವರು ಹಿಂದುಳಿದವರು, ಅದರ ಅರ್ಧಕ್ಕಿಂತಲೂ ಕೆಳಗಿದ್ದವರು ಹೆಚ್ಚು ಹಿಂದುಳಿದವರು. ಸಾವಿರಕ್ಕೆ ಏಳು ಮಕ್ಕಳೂ ಹೈಸ್ಕೂಲಿನ ಕೊನೆ ಮುಟ್ಟದ ನಾಡು ಅದು ಎಂಬುದನ್ನು ನೆನಪಿಡಿ. ಗೆರೆ ಎಲ್ಲಿ ಎಳೆಯಬೇಕು ಎಂಬ ಎಳೆದಾಟದಲ್ಲಿ ಬಲಿಷ್ಠ ಜಾತಿಗಳೂ ಒಳಗೆ ಬಂದವು. ಮೀಸಲಾತಿ ನೂರಕ್ಕೆ 68 ಮುಟ್ಟಿತು. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಹೊಡೆದುಹಾಕಿತು. ಒಂದು ದಶಾಂಶ ಬಿಂದು ಅತ್ತ ಇತ್ತ ಸರಿದರೆ ಸಾವಿರಾರು ಮಕ್ಕಳ ಕಾಲೇಜು ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಹೀಗಿರುವಾಗ ಲೆಕ್ಕ ಎಂಬುದು ಬರೀ ಪಂಡಿತರ ವ್ಯವಹಾರ ಎಂದು ಯಾರು ಹೇಳಿಯಾರು?

ಹಾವನೂರು ಆಯೋಗದ ಹಿರಿಮೆ ಇರುವುದು ಇಲ್ಲಿಯೇ. 1972ರಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರು ಆಯೋಗ ಊರೂರಿಗೆ ಹೋಗಿ ಮನೆ, ಜಮೀನು, ಕಸುಬು, ಓದುಗಳನ್ನು ಸಮೀಕ್ಷೆ ಮಾಡಿ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಅದರ ಮೇಲೆ ಸರ್ಕಾರದ ಆಜ್ಞೆ ಬಂತು. ಕಾಲವನ್ನೂ ಗಮನಿಸಿ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ನಾಡೆಲ್ಲ ಕಲ್ಲು ತೂರಾಟ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಅದೇ ಬೆಂಕಿಯಲ್ಲಿ ದಲಿತ ಚಳವಳಿ ಹದಗೊಂಡಿತು. ಬೀದಿಯಲ್ಲಿ ಜನ ಇದ್ದರು, ಆದ್ದರಿಂದ ವರದಿ ಕಪಾಟಿನಲ್ಲಿ ಉಳಿಯಲಿಲ್ಲ.

ಅದೇ ಅರಸರ ಕಾಲದ ಇನ್ನೊಂದು ದೊಡ್ಡ ಕೆಲಸ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಉಳುವವನಿಗೆ ಹೊಲ ಕೊಟ್ಟಿತು. ಗೇಣಿ ಪದ್ಧತಿ ಬೇರುಬಿಟ್ಟಿದ್ದ ನಮ್ಮ ಕರಾವಳಿಯಲ್ಲಿ ಅದು ಮಾಡಿದ ಬದಲಾವಣೆ ಸಣ್ಣದಲ್ಲ. ಅಂಕಪಟ್ಟಿಯಲ್ಲಿ ಉಡುಪಿ ಮೇಲಕ್ಕೆ ಬರಲು ಅದೂ ಒಂದು ಕಾರಣ. ಆದರೆ ಕಾನೂನು ಎಣಿಸಿದ್ದು ಗೇಣಿದಾರನನ್ನು. 7ನೇ ನಮೂನೆಯ ಡಿಕ್ಲರೇಷನ್ ಹಾಕಬೇಕಾದರೆ ಯಾವುದೋ ಒಂದು ಗದ್ದೆಯನ್ನು ಗೇಣಿಗೆ ಹಿಡಿದಿರಬೇಕು. ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ನೇಜಿ ನೆಟ್ಟವಳಿಗೆ ಯಾವ ನಮೂನೆ? ಬುಟ್ಟಿ ಹೆಣೆದು, ಡೋಲು ಬಡಿದು, ಊರಿನ ಹೊಲಸು ಹೊತ್ತ ಕೊರಗನಿಗೆ ಯಾವ ನಮೂನೆ? 1979ರ ಜೂನ್ 30ಕ್ಕೆ ಅರ್ಜಿಯ ಬಾಗಿಲು ಮುಚ್ಚಿತು. ನಮ್ಮವರಲ್ಲಿ ಹೆಚ್ಚಿನವರು ಆ ಬಾಗಿಲ ಹತ್ತಿರಕ್ಕೂ ಹೋಗಿರಲಿಲ್ಲ. ಕೋಟದ ಶಿವರಾಮ ಕಾರಂತರು ಚೋಮನ ದುಡಿ ಬರೆದದ್ದು 1933ರಲ್ಲಿ. ಸ್ವಂತ ಬೇಸಾಯ ಮಾಡಬೇಕು ಎಂಬ ಚೋಮನ ಒಂದೇ ಒಂದು ಆಸೆಗೆ ನಾಲ್ಕು ದಶಕದ ಮೇಲೆ ಬಂದ ಕ್ರಾಂತಿಕಾರಿ ಕಾನೂನಿನಲ್ಲೂ ಒಂದು ಕಾಲಂ ಇರಲಿಲ್ಲ.

ಇನ್ನು ಮಾನವ ಅಭಿವೃದ್ಧಿಯ ಯುಗ. ಬರೀ ಉತ್ಪಾದನೆಯ ಅಂಕಿಯಿಂದ ದೇಶದ ಏಳಿಗೆ ಅಳೆಯಬಾರದು, ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ, ಏನು ಓದುತ್ತಾನೆ ಎಂದು ನೋಡಬೇಕು ಎಂದು ಪಾಕಿಸ್ತಾನದ ಮೆಹಬೂಬ್ ಉಲ್ ಹಕ್, ನಮ್ಮ ಅಮರ್ತ್ಯ ಸೇನ್ ಮುಂತಾದವರ ಚಿಂತನೆಯಿಂದ ವಿಶ್ವಸಂಸ್ಥೆ 1990ರಲ್ಲಿ ಮೊದಲ ವರದಿ ತಂದಿತು. ಇದು ನಿಜಕ್ಕೂ ಮುಂದಿನ ಹೆಜ್ಜೆ. ಮಧ್ಯಪ್ರದೇಶದ ನಂತರ ಇಂಥ ವರದಿ ತಂದ ರಾಜ್ಯ ಕರ್ನಾಟಕ, 1999ರಲ್ಲಿ. ಆಮೇಲೆ ಪ್ರೊ. ಡಿ.ಎಂ. ನಂಜುಂಡಪ್ಪನವರ ಸಮಿತಿ 35 ಸೂಚಕಗಳನ್ನು ಇಟ್ಟುಕೊಂಡು 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು 2002ರಲ್ಲಿ ವರದಿ ಕೊಟ್ಟಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಹೈದರಾಬಾದ್ ಕರ್ನಾಟಕದ ಜನ ಆ ಅಂಕಿಯನ್ನು ಕೈಯಲ್ಲಿ ಹಿಡಿದು ಕೇಳಿದರು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಬಂತು. 2012ರಲ್ಲಿ ಸಂವಿಧಾನಕ್ಕೆ 371ಜೆ ವಿಧಿ ಸೇರಿಸಲು ಸಂಸತ್ತು ಒಪ್ಪಿತು. ಲೆಕ್ಕ ಮತ್ತು ಹೋರಾಟ ಜೊತೆಗೂಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೆ ಈ ಅಳತೆಯ ಘಟಕ ತಾಲ್ಲೂಕು, ಜಿಲ್ಲೆ. ಕೇರಿ ಅಲ್ಲ. ಸರಾಸರಿ ಎಂಬುದು ಒಂದು ವಿಚಿತ್ರ ಯಂತ್ರ. ಹತ್ತು ಎಕರೆಯವನನ್ನೂ ಒಂದು ಸೆಂಟ್ಸೂ ಇಲ್ಲದವನನ್ನೂ ಅದರಲ್ಲಿ ಹಾಕಿ ತಿರುಗಿಸಿದರೆ ತಲೆಗೆ ಐದು ಎಕರೆ ಬರುತ್ತದೆ! ಕಾಗದದ ಮೇಲೆ ಇಬ್ಬರೂ ಸುಖಿಗಳು. 2005ರ ವರದಿ ಪರಿಶಿಷ್ಟ ಜಾತಿ, ಪಂಗಡಗಳ ಸ್ಥಿತಿಯನ್ನು ಬೇರೆಯಾಗಿಯೇ ನೋಡಿ, ಅವರು ರಾಜ್ಯದ ಮಟ್ಟಕ್ಕಿಂತ ಬಹಳ ಹಿಂದೆ ಇದ್ದಾರೆ ಎಂದು ಒಪ್ಪಿಕೊಂಡಿದೆ. ಒಪ್ಪಿಕೊಂಡ ಆ ಪುಟವನ್ನು ಯಾರೂ ಓದುವುದಿಲ್ಲ. ಜಿಲ್ಲೆಗಳ ಅಂಕಪಟ್ಟಿಯನ್ನು ಎಲ್ಲರೂ ಓದುತ್ತಾರೆ.

ಕೊರಗರ ವಿಷಯಕ್ಕೆ ಬರೋಣ. ಅವರ ಪರವಾಗಿ ಮಾತಾಡುವ ಹಕ್ಕು ನಮಗಿಲ್ಲ, ಅವರಿಗೆ ಅವರದೇ ಸಂಘಟನೆ ಇದೆ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಕ್ಕಳಿದ್ದಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇವೆ. 1993ರ ಆಗಸ್ಟ್ 18ರಂದು ಭೂಮಿ ಕೇಳಿ ಕೊರಗರು ಮಂಗಳೂರಿನ ಬೀದಿಗಿಳಿದರು. ಆ ದಿನವನ್ನು ಅವರು ಇಂದಿಗೂ ಭೂಮಿ ಹಬ್ಬವಾಗಿ ಆಚರಿಸುತ್ತಾರೆ. ಅದರ ಬೆನ್ನಿಗೇ ಸರ್ಕಾರ ಡಾ. ಮಹಮ್ಮದ್ ಪೀರ್ ಅವರಿಂದ ಅಧ್ಯಯನ ಮಾಡಿಸಿತು. ಕೊರಗರ ಒಂದೊಂದು ಕುಟುಂಬಕ್ಕೂ ಎರಡೂವರೆ ಎಕರೆ ಜಮೀನು ಕೊಡಬೇಕು ಎಂದು ಆ ವರದಿ ಹೇಳಿತು. 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಮನುಷ್ಯನಿಗೆ ತಿನ್ನಿಸಿ ತನ್ನ ರೋಗ ಕಳೆದುಕೊಳ್ಳುವ ಪದ್ಧತಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕಾನೂನು ಬೇಕಾಗುವಷ್ಟು ಜೀವಂತವಾಗಿತ್ತು, ಅಂಕ ಪಡೆದ ಇದೇ ಜಿಲ್ಲೆಗಳಲ್ಲಿ. ಆಮೇಲೆ ಮಳೆಗಾಲದ ತಿಂಗಳುಗಳಿಗೆ ಅಕ್ಕಿ, ಬೇಳೆ, ಮೊಟ್ಟೆ, ಎಣ್ಣೆ, ಬೆಲ್ಲ ಕೊಡುವ ಪೌಷ್ಟಿಕ ಆಹಾರದ ಯೋಜನೆ ಬಂತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶದ 75 ದುರ್ಬಲ ಬುಡಕಟ್ಟುಗಳಿಗೆ ಮನೆ, ರಸ್ತೆ, ನೀರಿನ ಯೋಜನೆ ಸಾರಿತು. ಕರ್ನಾಟಕದಿಂದ ಜೇನುಕುರುಬರು ಮತ್ತು ಕೊರಗರು ಆ ಪಟ್ಟಿಯಲ್ಲಿದ್ದಾರೆ.

ಈ ಪಟ್ಟಿಯನ್ನು ಇನ್ನೊಮ್ಮೆ ಕಾಣಿ. ಮೊಟ್ಟೆ ನೀತಿಯಾಯಿತು. ಬೆಲ್ಲ ನೀತಿಯಾಯಿತು. ಎರಡೂವರೆ ಎಕರೆ ಮಾತ್ರ ಬೇಡಿಕೆಯಾಗಿಯೇ ಉಳಿದು, ಭೂಮಿ ಹಬ್ಬದಿಂದ ಭೂಮಿ ಹಬ್ಬಕ್ಕೆ ಸಾಗಿ ಬಂದಿದೆ. ಎಂತಕೆ? ಮೊಟ್ಟೆ ಕೊಟ್ಟರೆ ಯಾವ ಯಜಮಾನನ ಪಟ್ಟೆಯೂ ಅಲ್ಲಾಡುವುದಿಲ್ಲ. ಭೂಮಿ ಕೊಟ್ಟರೆ ನಾಳೆ ಕರೆದ ಹೊತ್ತಿಗೆ ಕೆಲಸಕ್ಕೆ ಆಳು ಬರುವುದಿಲ್ಲ. ಮೊಟ್ಟೆ ಬೇಡ ಎಂದು ನಾವು ಹೇಳುತ್ತಿಲ್ಲ. ಹಸಿದ ಮಗುವಿನ ಮುಂದೆ ಸಿದ್ಧಾಂತ ಹೇಳುವಷ್ಟು ಕಲ್ಲೆದೆ ನಮಗಿಲ್ಲ. ಒಂದು ಸಮುದಾಯದ ಸಂಖ್ಯೆಯೇ ಇಳಿಯುತ್ತಿರುವಾಗ ಅನ್ನ ಮೊದಲ ಮಾತು. ಆದರೆ ವರದಿಯೊಳಗಿನ ಸುಲಭದ ಪುಟಗಳನ್ನು ಹರಿದುಕೊಂಡು ಕಷ್ಟದ ಪುಟಗಳನ್ನು ಹಾಗೇ ಬಿಡುವುದೂ ಒಂದು ರಾಜಕೀಯವೇ ಎಂದು ಹೇಳದೆ ಇರಲಾರೆವು.

ಈಗ ಪ್ರಪಂಚದಲ್ಲಿ ಹೊಸ ಮಾತೊಂದು ಓಡಾಡುತ್ತಿದೆ. ಆದಾಯ, ಆಯುಸ್ಸು ಸಾಲದು, ಜನ ಎಷ್ಟು ಸುಖವಾಗಿದ್ದಾರೆ ಎಂದು ಅವರನ್ನೇ ಕೇಳಬೇಕು ಎಂಬುದು ಆ ಮಾತು. ಭೂತಾನದ ದೊರೆ 1970ರ ದಶಕದಲ್ಲೇ ರಾಷ್ಟ್ರೀಯ ಸಂತೋಷದ ಮಾತೆತ್ತಿದ. 2011ರಲ್ಲಿ ವಿಶ್ವಸಂಸ್ಥೆ ಇದಕ್ಕೆ ನಿರ್ಣಯದ ಮುದ್ರೆ ಒತ್ತಿತು. 2012ರಿಂದ ದೇಶಗಳ ಸಂತೋಷದ ಪಟ್ಟಿ ಬರುತ್ತಿದೆ. 2016ರಲ್ಲಿ ಮಧ್ಯಪ್ರದೇಶ ಆನಂದಕ್ಕೆಂದೇ ಇಲಾಖೆ ತೆರೆಯಿತು. ಕೇಳುವ ರೀತಿ ಸರಳ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ, ನೀವು ಯಾವ ಮೆಟ್ಟಿಲಲ್ಲಿದ್ದೀರಿ ಹೇಳಿ ಎನ್ನುತ್ತಾರೆ.

ಜನರನ್ನೇ ಕೇಳುವುದು ಒಳ್ಳೆಯದೇ. ಥರ್ಸ್ಟನ್ನನ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಆದರೂ ನಮಗೆ ಎರಡು ಅನುಮಾನಗಳಿವೆ. ಒಂದು ಅಮರ್ತ್ಯ ಸೇನರೇ ಎತ್ತಿದ್ದು. ಬಹುಕಾಲ ತುಳಿಸಿಕೊಂಡವರು ಆಸೆಯನ್ನೇ ಸಣ್ಣದು ಮಾಡಿಕೊಂಡಿರುತ್ತಾರೆ, ಸಿಕ್ಕಿದ್ದರಲ್ಲಿ ನಗುತ್ತಾರೆ. ಆ ನಗುವನ್ನು ಅಂಕಿ ಮಾಡಿದರೆ ತುಳಿತಕ್ಕೇ ಪಾಸು ಕೊಟ್ಟಂತೆ. ಏಣಿ ಹತ್ತಲು ಬಿಡದ ಊರಿನಲ್ಲಿ ಯಾವ ಮೆಟ್ಟಿಲಲ್ಲಿದ್ದೀರಿ ಎಂದು ಕೇಳಿದರೆ ನಮ್ಮ ಅಜ್ಜಿಯಂಥವರು ಅಂಗಳದ ಬದಿಗೆ ನಿಂತೇ ಹೇಳುತ್ತಾರೆ, ಎಲ್ಲ ನಿಮ್ಮ ದಯದಿಂದ ಚೆನ್ನಾಗಿದೆ ಎಂದು. ಎರಡನೆಯ ಅನುಮಾನ ಭೂತಾನವೇ ಕೊಟ್ಟಿದ್ದು. ಸಂತೋಷದ ಆ ದೇಶದಿಂದಲೇ 1990ರ ದಶಕದಲ್ಲಿ ನೇಪಾಳಿ ಮಾತಾಡುವ ಸುಮಾರು ಒಂದು ಲಕ್ಷ ಜನ ಹೊರಬಿದ್ದು ನಿರಾಶ್ರಿತರ ಶಿಬಿರ ಸೇರಿದರು. ದುಃಖಿಗಳನ್ನು ಗಡಿಯಾಚೆ ದಬ್ಬಿದರೆ ಉಳಿದವರ ಸರಾಸರಿ ಸುಖ ಏರದೆ ಇರುತ್ತದೆಯೇ?

ಸುಖದ ಪ್ರಶ್ನಾವಳಿಗೆ ನಾವು ಸೇರಿಸಬೇಕಾದ ಪ್ರಶ್ನೆಗಳು ಬೇರೆ. ನಿಮ್ಮ ಮದುವೆಯ ದಿಬ್ಬಣ ಊರಿನ ನಡುವೆ ಹೆದರಿಕೆಯಿಲ್ಲದೆ ಹೋಗುತ್ತದೆಯೇ? ಕೂಲಿ ಕೇಳಿದ ಮರುದಿನ ಕೆಲಸಕ್ಕೆ ಕರೆಯುತ್ತಾರೆಯೇ? ಮಗ ಶಾಲೆಯಲ್ಲಿ ಜಾತಿಯ ಹೆಸರು ಹೇಳಿ ಗಟ್ಟಿಯಾಗಿ ನಿಲ್ಲುತ್ತಾನೆಯೇ? ನೀವು ಮಲಗಿದ ನೆಲದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ? 2021ರ ಡಿಸೆಂಬರ್ 27ರ ರಾತ್ರಿ ಇಲ್ಲೇ ಕೋಟತಟ್ಟಿನಲ್ಲಿ ಕೊರಗರ ಮನೆಯ ಮೆಹಂದಿಗೆ ಪೊಲೀಸರು ನುಗ್ಗಿ ಲಾಠಿ ಬೀಸಿದರು. ಠಾಣಾಧಿಕಾರಿಯ ಅಮಾನತಾಯಿತು. ಏಟು ತಿಂದವರ ಮೇಲೂ ಕೇಸು ಬಿತ್ತು. 0.714ರ ಯಾವ ದಶಾಂಶದಲ್ಲಿ ಆ ರಾತ್ರಿ ಸೇರುತ್ತದೆ?

ಕೊನೆಯದಾಗಿ ನಮ್ಮ ಕಾಲದ ಕತೆ. 2015ರಲ್ಲಿ ಕಾಂತರಾಜ್ ಆಯೋಗ ರಾಜ್ಯದ ಮನೆಮನೆಗೆ ಹೋಗಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಮಾಡಿತು. ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿ 29ಕ್ಕೆ, ಜಯಪ್ರಕಾಶ್ ಹೆಗ್ಡೆಯವರು ಅಧ್ಯಕ್ಷರಾಗಿದ್ದಾಗ. ಲೆಕ್ಕ ಹಳೆಯದಾಯಿತು ಎಂದು 2025ರ ಸೆಪ್ಟೆಂಬರ್ 22ರಿಂದ ಮತ್ತೆ ಸಮೀಕ್ಷೆ ಶುರುವಾಯಿತು. ಹತ್ತು ವರ್ಷ ಮುಚ್ಚಿಟ್ಟು ಆಮೇಲೆ ಹಳೆಯದಾಯಿತು ಎನ್ನುವುದು ಒಳ್ಳೆಯ ಉಪಾಯ! ನಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳುಕಿದ್ರೆ, ಲೆಕ್ಕ ಬರ್ಕಂಡ್ ಹೋಪುಕೆ ಎಲ್ರೂ ಬತ್ರ್, ಬಾಕಿ ಕೊಡುಕೆ ಯಾರೂ ಬತ್ತಿಲ್ಲೆ.

ಹಾಗೆಂದು ಲೆಕ್ಕವನ್ನೇ ಬಿಡೋಣವೇ? ಬೇಡ. ಮಿಲ್ಲರ್ ಎಣಿಸದಿದ್ದರೆ, ಸ್ಟಾರ್ಟ್ ಸಮಿತಿಯಲ್ಲಿ ಬಾಬಾಸಾಹೇಬರು ಕೂರದಿದ್ದರೆ, ಹಾವನೂರರು ಊರೂರು ತಿರುಗದಿದ್ದರೆ ನಮ್ಮ ಮನೆಗಳಲ್ಲಿ ಮೊದಲ ಪದವಿ ಕಾಗದ ಬರುತ್ತಿತ್ತೋ ಇಲ್ಲವೋ. ನೂರು ವರ್ಷದ ಈ ಚರಿತ್ರೆ ಹೇಳುವ ಮಾತು ಇಷ್ಟೇ. ಎಣಿಸಿಕೊಂಡವರು ಎದ್ದು ಕೇಳಿದಾಗ ಎಣಿಕೆ ನೀತಿಯಾಗಿದೆ. ಕೇಳುವುದನ್ನು ಬಿಟ್ಟಾಗ ಗೆದ್ದಲಿಗೆ ಆಹಾರವಾಗಿದೆ.

ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಜನಗಣತಿಯಿರಲಿ ಜಾತಿ ಸಮೀಕ್ಷೆಯಿರಲಿ, ಫಾರಂ ಹಿಡಿದು ಮನೆಮನೆಗೆ ಹೋಗುವವರು ನೀವು. ಕೇರಿಯ ಹೊರಗೆ ನಿಂತು ಕೂಗಿ ಕೇಳಬೇಡಿ. ಒಳಗೆ ಹೋಗಿ, ಚಾಪೆ ಹಾಕಿದರೆ ಕೂತುಕೊಳ್ಳಿ, ಕೊಟ್ಟ ನೀರು ಕುಡಿಯಿರಿ, ಆಮೇಲೆ ಬರೆಯಿರಿ. ಅಂಗಳದಲ್ಲಿ ಕೊಟ್ಟ ಉತ್ತರಕ್ಕೂ ಚಾಪೆಯ ಮೇಲೆ ಕೊಟ್ಟ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ಕೇರಿಯ ಲೆಕ್ಕವನ್ನು ನೀವೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಎಷ್ಟು ಮನೆಗೆ ಹಕ್ಕುಪತ್ರವಿದೆ, ಎಷ್ಟು ಮಕ್ಕಳು ಯಾವ ತರಗತಿಗೆ ಶಾಲೆ ಬಿಟ್ಟರು, ಈ ವರ್ಷ ಯಾರು ಯಾವ ವಯಸ್ಸಿಗೆ ತೀರಿಕೊಂಡರು. ಸರ್ಕಾರದ ವರದಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ತೆಗೆದುಕೊಂಡು, ಕೇರಿಯಲ್ಲಿ ಜೋರಾಗಿ ಓದಿ ಹೇಳಿ. ಆ ಮೇಲೆ ಎರಡೂ ಲೆಕ್ಕ ಹಿಡಿದು ಗ್ರಾಮಸಭೆಗೆ ಹೋಗೋಣ, ತಾಲ್ಲೂಕು ಕಚೇರಿಗೆ ಹೋಗೋಣ. ಎರಡೂವರೆ ಎಕರೆಯ ಪುಟ ತೆರೆಯುವವರೆಗೆ ಅಲ್ಲಿಂದ ಏಳುವುದು ಬೇಡ.